ಗಾಜಿಗೆ ಮುಪ್ಪಿಲ್ಲ

ಕಾರಿನ ವಿಮಾ ಪತ್ರವನ್ನು ಕೊನೆಯ ಸಾಲಿನವರೆಗೆ ಓದಿದವರು ನಮ್ಮಲ್ಲಿ ಕಡಿಮೆ. ನಾನು ಓದಿದ್ದೇನೆ. ಶ್ರದ್ಧೆಯಿಂದಲ್ಲ, ಏಜೆಂಟರ ಕಚೇರಿಯಲ್ಲಿ ಕಾಯುತ್ತ ಕೂತಾಗ ಕೈಗೆ ಬೇರೇನೂ ಸಿಗಲಿಲ್ಲ. ಅದರೊಳಗೆ ಸವಕಳಿಯ ಪಟ್ಟಿಯೊಂದಿದೆ. ರಬ್ಬರು, ನೈಲಾನು, ಪ್ಲಾಸ್ಟಿಕ್ಕು, ಟೈರು, ಬ್ಯಾಟರಿ ಇವೆಲ್ಲ ಶೋರೂಮಿನಿಂದ ಹೊರಬಿದ್ದ ದಿನವೇ ಅರ್ಧ ಬೆಲೆಗಿಳಿದವು ಎಂದು ಲೆಕ್ಕ, ಶೇ. 50. ಫೈಬರ್‌ಗೆ ಶೇ. 30. ಲೋಹದ ಭಾಗಗಳಿಗೆ ವಯಸ್ಸು ನೋಡಿ ಕಡಿತ: ಮೊದಲ ಆರು ತಿಂಗಳು ಏನೂ ಇಲ್ಲ, ಆಮೇಲೆ ವರ್ಷವರ್ಷಕ್ಕೂ ಏರುತ್ತ ಹೋಗಿ ಹತ್ತು ದಾಟಿದ ಮೇಲೆ ಅದೂ ಅರ್ಧ. ಗಾಜಿನ ಎದುರು ಮಾತ್ರ ಒಂದೇ ಪದ: ನಿಲ್. ಅಂದರೆ ಕಾರಿಗೆ ಮುಪ್ಪು ಬರುತ್ತದೆ, ಕಾರಿನ ಯಜಮಾನರಿಗೆ ಬರುತ್ತದೆ, ಪತ್ರ ಬರೆದುಕೊಟ್ಟ ಏಜೆಂಟರಿಗೂ ಬರುತ್ತದೆ, ಗಾಜಿಗೆ ಇಲ್ಲ.

ಮುಪ್ಪಿಲ್ಲದ ಮಾತ್ರಕ್ಕೆ ಸಾವಿಲ್ಲವೆಂದೇನೂ ಅಲ್ಲ. ಗಾಜಿಗಿರುವುದು ಅಪಮೃತ್ಯು ಒಂದೇ. ತುಮಕೂರು ರಸ್ತೆಯಲ್ಲಿ ಜಲ್ಲಿ ತುಂಬಿದ ಟಿಪ್ಪರ್ ಬೆನ್ನು ಹಿಡಿದು ಹೋಗುವುದು ಅದನ್ನು ಆಹ್ವಾನಿಸುವ ಒಂದು ಕ್ರಮ. ಕರಾವಳಿಯ ನೆಂಟರ ಅಂಗಳದಲ್ಲಿ ತೆಂಗಿನ ಮರದ ನೆರಳನ್ನು ನಂಬಿ ಗಾಡಿ ನಿಲ್ಲಿಸುವುದು ಇನ್ನೊಂದು. ಬೆಂಗಳೂರಿನ ಅಡ್ಡರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಹುಡುಗರು ಸ್ಟಂಪಿಗೆಂದು ಇಟ್ಟಿಗೆ ಹುಡುಕುತ್ತಿರುವುದನ್ನು ಕಂಡೂ ಅಲ್ಲೇ ಪಾರ್ಕ್ ಮಾಡುವುದು ಮೂರನೆಯದು. ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ಚೀಲ ಬಿಟ್ಟು ಊಟಕ್ಕೆ ಹೋಗುವವರೂ ಇದ್ದಾರೆ. ಅವರ ವಿಷಯದಲ್ಲಿ ಗಾಜಿನದು ಕೊಲೆಯಲ್ಲ, ಸಾಕ್ಷಿಯ ಸಾವು.

ಸಾಯುವ ರೀತಿಯಲ್ಲೂ ಗಾಜಿನಲ್ಲಿ ಎರಡು ಜಾತಿ. ಮುಂದಿನ ಗಾಜು ಬಿರುಕು ಬಿಡುತ್ತದೆ, ಆದರೆ ಕಳಚಿ ಬೀಳುವುದಿಲ್ಲ. ಬಾಗಿಲಿನದು ಹಾಗಲ್ಲ, ಏಟು ಬಿದ್ದ ಕ್ಷಣದಲ್ಲೇ ಸಾವಿರ ಚೂರಾಗಿ, ಕಲ್ಲುಸಕ್ಕರೆಯ ಪೊಟ್ಟಣ ಹರಿದಂತೆ ಸೀಟಿನ ತುಂಬ ಹರಡುತ್ತದೆ. ಬಾಗಿಲಿನ ಗಾಜನ್ನು ತಯಾರಿಸುವಾಗ 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಎರಡೂ ಕಡೆಯಿಂದ ರಭಸದ ಗಾಳಿ ಊದಿ ತಟ್ಟನೆ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಗಿನದು ನಿಧಾನವಾಗಿ ತಣಿದು ಕುಗ್ಗುವಾಗ ಹೊರಮೈಯನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಆ ಜಗ್ಗಾಟವೇ ಗಾಜಿನ ಬಲ. ಒಂದು ಕಡೆ ಆ ಬಿಗಿ ತಪ್ಪಿತೋ, ಇಡೀ ಗಾಜು ಒಟ್ಟಿಗೇ ಸಿಡಿಯುತ್ತದೆ. ಆದರೆ ಚೂರುಗಳಿಗೆ ಚೂರಿಯಂಥ ಅಲಗಿರುವುದಿಲ್ಲ, ಮೊಂಡು ಮೊಂಡು. ಹದ ಮಾಡಿದ ಮೇಲೆ ಇದನ್ನು ಕತ್ತರಿಸುವುದಕ್ಕೂ ಬರುವುದಿಲ್ಲ. 'ಅಂಚು ಸ್ವಲ್ಪ ಉಜ್ಜಿ ಕೂರಿಸಿಬಿಡಿ' ಎಂದು ಗ್ಲಾಸ್ ಅಂಗಡಿಯಲ್ಲಿ ಹೇಳುವ ಗಿರಾಕಿಗಳನ್ನು ನಾನು ಕಂಡಿದ್ದೇನೆ. ಅಂಗಡಿಯವನು ನಕ್ಕು ಸುಮ್ಮನಾಗುತ್ತಾನೆ.

ಮುಂದಿನ ಗಾಜು ಎರಡು ತೆಳು ಗಾಜುಗಳ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಪೊರೆ ಇಟ್ಟು ಬೆಸೆದದ್ದು. ಇದರ ಹಿಂದೆ ಎಡ್ವಾರ್ ಬೆನೆಡಿಕ್ಟಸ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ಇದ್ದಾನೆ. ಆತ ಚಿತ್ರಕಾರನೂ ಹೌದು, ಜವಳಿಯ ಮೇಲಿನ ವಿನ್ಯಾಸಗಳಿಗೂ ಹೆಸರಾದವನು. 1903ರಲ್ಲಿ ಅವನ ಪ್ರಯೋಗಾಲಯದ ಕಪಾಟಿನಿಂದ ಗಾಜಿನ ಕುಪ್ಪಿಯೊಂದು ಕೆಳಗೆ ಬಿತ್ತಂತೆ. ಒಡೆಯಿತು, ಚೂರಾಗಲಿಲ್ಲ. ಒಳಗಿದ್ದ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಆರಿಹೋಗಿ ಗೋಡೆಗೆ ಪೊರೆ ಕಟ್ಟಿತ್ತು, ಅದು ಚೂರುಗಳನ್ನು ಹಿಡಿದುಕೊಂಡಿತ್ತು. ಆತ 1909ರಲ್ಲಿ ಪೇಟೆಂಟ್ ಪಡೆದ. ಆ ಮೊದಲ ಪೊರೆ ಬಿಸಿಲಿಗೆ ಹಳದಿ ಬೀಳುತ್ತಿತ್ತು. ಅಂದರೆ ಆಗ ಗಾಜಿಗೂ ಮುಪ್ಪಿತ್ತು. ಈಗಿನ ಪಾಲಿವಿನೈಲ್ ಬ್ಯುಟಿರಾಲ್ ಪೊರೆ ಬಂದದ್ದು 1930ರ ದಶಕದಲ್ಲಿ. ಕೆಲಸಗಾರರ ಬಾಯಲ್ಲಿ ಅದು ಪಿವಿಬಿ.

ಬಿರುಕು ಬಿಟ್ಟ ಮುಂಗಾಜಿನ ಜೊತೆ ತಿಂಗಳುಗಟ್ಟಲೆ ಸಂಸಾರ ಮಾಡಬಹುದು, ಎಷ್ಟೋ ಜನ ಮಾಡುತ್ತಾರೆ. ಆಗ ಬರುವುದು ಸಲಹೆಗಾರರ ಸರದಿ. ಪಕ್ಕದ ಮನೆಯವರು ನೇಲ್ ಪಾಲಿಶ್ ಹಚ್ಚಿ ಎನ್ನುತ್ತಾರೆ. ಕಚೇರಿಯ ಸಹೋದ್ಯೋಗಿ ಐದು ರೂಪಾಯಿಯ ಗಮ್ಮಿನಲ್ಲೇ ಆಗುತ್ತದೆ ಎನ್ನುತ್ತಾನೆ. ದೊಡ್ಡಪ್ಪನೊಬ್ಬರು 'ನಮ್ಮ ಅಂಬಾಸಡರ್‌ನಲ್ಲಿ ಇವೆಲ್ಲ ಇರಲಿಲ್ಲ' ಎನ್ನುತ್ತಾರೆ. ಅದು ಸಲಹೆ ಅಲ್ಲ, ಆದರೂ ಹೇಳುತ್ತಾರೆ. ಇವರಲ್ಲಿ ಯಾರೂ ಹೇಳದ ಮಾತು ಹೀಗಿದೆ. ಕಲ್ಲು ತಾಗಿದ ಗುರುತು ನಾಣ್ಯಕ್ಕಿಂತ ಚಿಕ್ಕದಿದ್ದು, ಚಾಲಕನ ಕಣ್ಣೆದುರಿಗೇ ಇಲ್ಲದೆ, ಗಾಜಿನ ಅಂಚಿಗೂ ತಗುಲದಿದ್ದರೆ ಗಾಜು ಬದಲಿಸಲೇಬೇಕೆಂದಿಲ್ಲ. ಅದರೊಳಗಿನ ಗಾಳಿ ಎಳೆದು ರೆಸಿನ್ ತುಂಬಿ, ನೇರಳಾತೀತ ದೀಪ ಹಿಡಿದು ಗಟ್ಟಿ ಮಾಡುತ್ತಾರೆ. ಗುರುತು ಪೂರ್ತಿ ಮಾಯವಾಗುವುದಿಲ್ಲ, ಬಿರುಕು ಮುಂದೆ ಓಡುವುದು ನಿಲ್ಲುತ್ತದೆ. ಅದಕ್ಕೆ ಮೊದಲೇ ಒಳಗೆ ನೀರು, ಧೂಳು ಸೇರಿದರೆ ರೆಸಿನ್ ಹಿಡಿಯದು. ಆದ್ದರಿಂದ ಕಲ್ಲು ಬಿದ್ದ ದಿನವೇ ಅದರ ಮೇಲೊಂದು ಪಾರದರ್ಶಕ ಟೇಪ್ ಅಂಟಿಸುವುದು ಜಾಣತನ. ಮಧ್ಯಾಹ್ನದ ಬಿಸಿಲಲ್ಲಿ ಕಾದ ಗಾಜಿನ ಮೇಲೆ ಏಸಿಯ ತಣ್ಣನೆ ಗಾಳಿ ಪೂರ್ತಿ ಬಿಟ್ಟು, ಮೇಲಿಂದ ಒಂದು ಹಂಪ್ ಹಾರಿಸಿದರೆ ಇಂಚಿನ ಬಿರುಕು ಸಂಜೆಯೊಳಗೆ ಈ ತುದಿಯಿಂದ ಆ ತುದಿಗೆ ತಲುಪಿರುತ್ತದೆ.

ತಲುಪಿತು ಅನ್ನೋಣ. ಈಗ ಲೆಕ್ಕಾಚಾರ. ಗಾಜಿಗೆ ಸವಕಳಿ ಇಲ್ಲವಾದರೂ ಪ್ರತಿ ಕ್ಲೈಮಿನಲ್ಲೂ ನಮ್ಮದೊಂದು ಕಡ್ಡಾಯ ಪಾಲು ಉಂಟು: 1500 ಸಿ.ಸಿ.ವರೆಗಿನ ಕಾರಿಗೆ ಸಾಮಾನ್ಯವಾಗಿ 1000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2000. ಅದು ದೊಡ್ಡ ಮಾತಲ್ಲ. ದೊಡ್ಡ ಮಾತು ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಶೇ. 20ರಿಂದ ಹತ್ತುತ್ತ 25, 35, 45, ಕೊನೆಗೆ 50ಕ್ಕೆ ಮುಟ್ಟಿಸಿದ ಪುಣ್ಯ ಒಂದು ಗಾಜಿನ ಕ್ಲೈಮಿನಿಂದ ಸೊನ್ನೆಗೆ ಇಳಿಯಬಹುದು. ಬಾಗಿಲಿನ ಗಾಜೊಂದಕ್ಕಾಗಿ ಈ ಪುಣ್ಯ ಕಳೆದುಕೊಳ್ಳುವುದು ನನ್ನ ಪ್ರಕಾರ ದಡ್ಡತನ. ಕೈಯಿಂದ ಕೊಟ್ಟು ಮುಗಿಸಿ. ಸೆನ್ಸರ್, ಕ್ಯಾಮೆರಾ ಹೊತ್ತ ಮುಂಗಾಜಾದರೆ ಕ್ಲೈಮ್ ಮಾಡಿ. ನಡುವಿನ ಪ್ರಕರಣಗಳಲ್ಲಿ ಮನೆಯಲ್ಲಿ ಯಾರಿಗೆ ಲೆಕ್ಕ ಚೆನ್ನಾಗಿ ಬರುತ್ತದೋ ಅವರನ್ನು ಕೇಳಿ.

ಬೆಂಗಳೂರಿನಲ್ಲಿ ಇಂಥ ಕೆಲಸಕ್ಕೆಲ್ಲ ಹಿಂದಿನಿಂದಲೂ ದಾರಿ ಜೆ.ಸಿ. ರಸ್ತೆ. ಟೌನ್‌ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆಗೆ ಇಳಿದರೆ ಒಂದು ಬದಿಯಲ್ಲಿ ರವೀಂದ್ರ ಕಲಾಕ್ಷೇತ್ರ, ಉಳಿದ ಉದ್ದಕ್ಕೂ ಸೈಲೆನ್ಸರು, ಹಾರ್ನು, ಸೀಟ್ ಕವರು, ಗಾಜು. ನಾಟಕ ನೋಡಲು ಬಂದವರ ಕಾರಿಗೆ ಹೊರಗೆ ಬೇಡಬೇಡವೆಂದರೂ ಮ್ಯಾಟ್ ತೋರಿಸುವ ಹುಡುಗರು ಅಲ್ಲಿ ಸಿಗುತ್ತಿದ್ದರು. ಅಲ್ಲಿನ ಹಳೆಯ ಕೆಲಸಗಾರರು ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳಿಗೆ ಗಾಜು ಕೂರಿಸುವುದನ್ನು ನೋಡುವುದೇ ಒಂದು ಸೊಗಸು. ಆ ಕಾಲದ ಗಾಜಿಗೆ ಅಂಟಿರಲಿಲ್ಲ, ಸುತ್ತಲೂ ದಪ್ಪ ರಬ್ಬರ್ ಬೀಡಿಂಗು. ಬೀಡಿಂಗನ್ನು ಮೊದಲು ಗಾಜಿಗೆ ತೊಡಿಸಿ, ಅದರ ಹೊರ ಸೀಳಿನೊಳಗೆ ಸುತ್ತಲೂ ಒಂದು ಹುರಿ ತುರುಕಿ, ಎರಡು ತುದಿ ಕಾರಿನೊಳಕ್ಕೆ ಇಳಿಬಿಡುತ್ತಿದ್ದರು. ಸಾಬೂನು ನೀರು ಸವರಿ ಗಾಜನ್ನು ಚೌಕಟ್ಟಿಗೆ ಒತ್ತುತ್ತಿದ್ದರು. ಹೊರಗೊಬ್ಬ ಅಂಗೈಯಿಂದ ತಟ್ಟುತ್ತ ಬರುವುದು, ಒಳಗೊಬ್ಬ ಹುರಿ ಎಳೆಯುತ್ತ ಹೋಗುವುದು. ಹುರಿ ಈಚೆ ಬಂದಲ್ಲೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಮಗುಚಿಕೊಳ್ಳುತ್ತಿತ್ತು. 'ಎಳಿ... ನಿಲ್ಸು... ಎಳಿ' ಎಂಬ ಮೂರು ಶಬ್ದಗಳಲ್ಲಿ ಗಾಜು ಕೂತುಬಿಡುತ್ತಿತ್ತು. ಬಿಲ್ ಬರೆಯುವಷ್ಟರಲ್ಲಿ ಗಾಡಿ ರಸ್ತೆಗೆ ಇಳಿಯಬಹುದಿತ್ತು. ಮಳೆಗಾಲದಲ್ಲಿ ಬೀಡಿಂಗಿನ ಮೂಲೆಯಿಂದ ಚಾಲಕನ ಮೊಣಕಾಲಿಗೆ ನೀರು ಹನಿಯುತ್ತಿತ್ತೆನ್ನುವುದೂ ನಿಜ. ಅದನ್ನು ದೊಡ್ಡಪ್ಪ ಹೇಳುವುದಿಲ್ಲ.

ಈಗಿನ ಕಾರಿನ ಮುಂಗಾಜು ಕಿಟಕಿ ಮಾತ್ರವಲ್ಲ, ಗಾಡಿಯ ಮೈಗೆ ಸೇರಿದ ಅಂಗ. ಅದನ್ನು ಪಾಲಿಯುರೇಥೇನ್ ಅಂಟಿನಿಂದ ತಗಡಿಗೆ ಬೆಸೆದಿರುತ್ತಾರೆ. ಗಾಡಿ ಮಗುಚಿದಾಗ ಚಾವಣಿ ಕುಸಿಯದಂತೆ ತಡೆಯುವುದರಲ್ಲಿ ಅದಕ್ಕೂ ಪಾಲಿದೆ. ಅನೇಕ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಮೇಲೆ ಚಿಮ್ಮಿ ಈ ಗಾಜಿಗೇ ಒರಗಿ ಉಬ್ಬುತ್ತದೆ. ಅಂಟು ಸಡಿಲವಿದ್ದರೆ ಏರ್‌ಬ್ಯಾಗ್ ಗಾಜನ್ನೇ ತಳ್ಳಿಕೊಂಡು ಹೊರಗೆ ಹೋಗಬಹುದು. ನಾವು ಚೌಕಾಸಿ ಮಾಡುವುದೆಲ್ಲ ಗಾಜಿನ ಬೆಲೆಯಲ್ಲಿ: ಕಂಪನಿ ಗ್ಲಾಸಾ, ಲೋಕಲ್ಲಾ, ಎಷ್ಟು ಕಡಿಮೆ ಮಾಡ್ತೀರಿ? ಅಂಟಿನ ಟ್ಯೂಬಿನ ಮೇಲೆ ಅವಧಿ ಮುಗಿಯುವ ದಿನಾಂಕ ಇರುತ್ತದೆ, ಅದನ್ನು ಕೇಳಿದ ಗಿರಾಕಿಯನ್ನು ನಾನಿನ್ನೂ ನೋಡಿಲ್ಲ. ಪ್ರಾಣ ನಿಂತಿರುವುದು ಅದರ ಮೇಲೆ. ಆ ಜಾಗದಲ್ಲಿ ಬಚ್ಚಲುಮನೆಯ ಸಿಲಿಕೋನ್ ಹಿಂಡುವ ಮಹನೀಯರೂ ಇದ್ದಾರೆಂದು ತಿಳಿದಿರಲಿ.

ಒಳ್ಳೆಯ ಕೆಲಸಗಾರನನ್ನು ಫೋನಿನಲ್ಲೇ ಗುರುತಿಸಬಹುದು. ಬೆಲೆ ಹೇಳುವ ಮೊದಲು ಅವನು ಪ್ರಶ್ನೆ ಕೇಳುತ್ತಾನೆ. ಯಾವ ವರ್ಷದ ಗಾಡಿ, ಯಾವ ವೇರಿಯಂಟು, ಚಾಸಿ ನಂಬರ್ ಕಳಿಸಿ, ಕನ್ನಡಿಯ ಹಿಂದೆ ಕಪ್ಪು ಡಬ್ಬಿ ಇದೆಯಾ, ವೈಪರ್ ತಾನಾಗಿ ಓಡುತ್ತದಾ, ಗಾಜಿನಲ್ಲಿ ಆಂಟೆನಾ ಗೆರೆ ಇದೆಯಾ? ಒಂದೇ ಹೆಸರಿನ ಕಾರಿಗೆ ಎರಡು ಮೂರು ಬಗೆಯ ಮುಂಗಾಜು ಇರುವುದುಂಟು. ಏನೂ ಕೇಳದೆ 'ತಗೊಂಡ್ ಬನ್ನಿ ಸಾರ್, ಹಾಕ್ಕೊಡ್ತೀನಿ' ಎನ್ನುವವನ ಧೈರ್ಯಕ್ಕೆ ನಮಸ್ಕಾರ ಮಾಡಿ ಮುಂದೆ ಹೋಗುವುದು ಮೇಲು.

ಈಗ ಮನೆ ಬಾಗಿಲಿಗೇ ಬಂದು ಹಾಕಿಕೊಡುವವರಿದ್ದಾರೆ. ನಮ್ಮ ಬೀದಿಗೂ ಬಂದಿದ್ದರು, ಹಿರಿಯನೊಬ್ಬ, ಅವನ ಕೈಕೆಳಗೆ ಒಬ್ಬ ಹುಡುಗ. ಮಾತು ಅರ್ಧ ಕನ್ನಡ, ಕಾಲು ತಮಿಳು, ಕಾಲು ಉರ್ದು. ಬೆಂಗಳೂರಿನ ಗ್ಯಾರೇಜುಗಳ ರಾಜಭಾಷೆ. ಹಿರಿಯ ಮೊದಲು ಡ್ಯಾಶ್‌ಬೋರ್ಡಿನ ಗಣಪತಿಯನ್ನು ಕೇಳಿ ತೆಗೆಸಿದ. ನಾವು ತೆಗೆಯುವವರೆಗೂ ಅವನು ಮುಟ್ಟಲಿಲ್ಲ. ಸೀಟಿಗೆ, ಬಾನೆಟ್ಟಿಗೆ ಬಟ್ಟೆ ಹೊದಿಸಿದ. ವೈಪರ್ ತೋಳು, ಅದರ ಕೆಳಗಿನ ಪ್ಲಾಸ್ಟಿಕ್ ಮುಚ್ಚಿಗೆ, ಅಂಚಿನ ಮೋಲ್ಡಿಂಗು ಒಂದೊಂದಾಗಿ ಬಿಚ್ಚಿ ಸಾಲಾಗಿ ಜೋಡಿಸಿದ. ಆಮೇಲೆ ಅಂಟಿನೊಳಗೆ ತಂತಿ ತೂರಿಸಿ, ಒಳಗೊಬ್ಬ ಹೊರಗೊಬ್ಬ ನಿಂತು ಎಳೆದಾಡುತ್ತ ಸುತ್ತಲೂ ಕುಯ್ದರು. ಹುರಿಯ ಕಾಲದ ಜೋಡಿಯೇ ಮತ್ತೆ, ಆದರೆ ಇಲ್ಲಿ ಗಾಜು ಬಿಡಿಸುವುದಕ್ಕೆ.

ಹಳೆಯ ಗಾಜು ಎತ್ತಿದ ಮೇಲಿನ ಕೆಲಸಕ್ಕೇ ನಾವು ದುಡ್ಡು ಕೊಡುವುದು. ಹಳೆಯ ಅಂಟನ್ನು ಪೂರ್ತಿ ಕೆರೆದು ತಗಡು ಹೊಳೆಯಿಸುವವನು ಶ್ರದ್ಧಾವಂತನಂತೆ ಕಾಣುತ್ತಾನೆ, ಆದರೆ ಕ್ರಮ ಹಾಗಲ್ಲ. ಒಂದೆರಡು ಮಿಲಿಮೀಟರ್ ಪದರ ಸಮನಾಗಿ ಉಳಿಸಬೇಕು. ಹೊಸ ಅಂಟು ಅದರ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಚಾಕು ತಾಗಿ ಬಣ್ಣ ಕೆತ್ತಿಹೋದಲ್ಲಿ ಪ್ರೈಮರ್ ಹಚ್ಚಲೇಬೇಕು, ಇಲ್ಲದಿದ್ದರೆ ಅಂಟಿನಡಿಯಲ್ಲಿ ತುಕ್ಕು ಗುಟ್ಟಾಗಿ ಹಬ್ಬುತ್ತದೆ. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ಹೊಸ ಗಾಜಿನ ಅಂಚಿನಲ್ಲಿ ಸುತ್ತಲೂ ಕಪ್ಪು ಪಟ್ಟಿ, ಒಳಮುಖವಾಗಿ ಚುಕ್ಕಿಗಳಾಗಿ ಕರಗುತ್ತದಲ್ಲ, ಅದನ್ನು ನಾನು ಬಹಳ ಕಾಲ ಅಲಂಕಾರವೆಂದೇ ತಿಳಿದಿದ್ದೆ. ಬಿಸಿಲಿನ ನೇರಳಾತೀತ ಕಿರಣ ಅಂಟನ್ನು ತಿನ್ನದಂತೆ ಅದು ಕಾಯುತ್ತದೆ. ಆ ಪಟ್ಟಿಯನ್ನು ಒರೆಸಿ ಪ್ರೈಮರ್ ಹಚ್ಚಿದ ಮೇಲೆ ಹಿರಿಯ ಅಲ್ಲಿಗೆ ಬೆರಳು ತಾಗಿಸಲಿಲ್ಲ, ಹುಡುಗ ತಾಗಿಸಲು ಹೋದಾಗ ಬೈದ. ಬೆರಳಿನ ಜಿಡ್ಡು ಸಾಕು ಅಂಟು ಬಿಡುವುದಕ್ಕೆ. ತ್ರಿಕೋನ ಸೀಳಿನ ಮೂತಿಯಿಂದ ಅಂಟನ್ನು ಎಲ್ಲೂ ತುಂಡಾಗದಂತೆ ಒಂದೇ ಎಳೆಯಾಗಿ ಸುತ್ತಲೂ ಹಿಂಡಿದ. ಆಮೇಲೆ ಅವಸರ. ಅಂಟಿನ ಮೇಲೆ ಪೊರೆ ಕಟ್ಟುವ ಮೊದಲೇ ಗಾಜು ಕೂರಬೇಕು. ಇಬ್ಬರೂ ರಬ್ಬರ್ ಬಟ್ಟಲಿನ ಹಿಡಿಗಳಲ್ಲಿ ಗಾಜು ಎತ್ತಿ, ಅಳೆದು, ಉಸಿರು ಬಿಗಿಹಿಡಿದು ಇಳಿಸಿದರು. ಇಳಿಸಿದ ಮೇಲೆ ಅತ್ತಿತ್ತ ಜರುಗಿಸುವಂತಿಲ್ಲ. ಮೇಲಂಚಿನಲ್ಲಿ ಟೇಪ್ ಅಂಟಿಸಿ, ಒಂದು ಕಿಟಕಿ ಎರಡು ಬೆರಳು ಇಳಿಸಿ, 'ಆಯ್ತು' ಎಂದ ಹಿರಿಯ, ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತ.

'ಹೋಗಬಹುದಾ?' ಎಂದೆ.

'ಎಲ್ಲಿಗೆ ಸಾರ್?'

'ಗಾಡಿ. ಆಫೀಸಿಗೆ.'

'ಗಾಡಿ ಎಲ್ಲೂ ಹೋಗಲ್ಲ. ನೀವು ಬೇಕಿದ್ರೆ ಬಸ್ಸಲ್ಲಿ ಹೋಗಿ.'

ಇದೇ ನಮಗೆ ಕಷ್ಟವಾಗುವುದು. ಗಾಜು ಕೂತಿದೆ, ಹೊಳೆಯುತ್ತಿದೆ, ಹೊರಗಿನಿಂದ ನೋಡಿದರೆ ಕೆಲಸ ಮುಗಿದಿದೆ. ಆದರೆ ಅಂಟು ಗಟ್ಟಿಯಾಗಿಲ್ಲ. ಅದನ್ನು ಗಟ್ಟಿ ಮಾಡುವುದು ಗಾಳಿಯಲ್ಲಿರುವ ತೇವ. ಮಳೆಗಾಲದಲ್ಲಿ ಅಂಟು ಒಣಗುವುದಿಲ್ಲವೆಂದು ನಾವು ಅಂದುಕೊಂಡಿದ್ದರೆ ಈ ಅಂಟಿನ ಮಟ್ಟಿಗೆ ಲೆಕ್ಕ ತಿರುಗುಮುರುಗು. ಥಂಡಿ ಇಲ್ಲದಿದ್ದರೆ ತೇವದ ಹವೆಯಲ್ಲೇ ಅದು ಬೇಗ ಬಲಿಯುತ್ತದೆ, ಒಣ ಚಳಿಯಲ್ಲಿ ನಿಧಾನ. ಗಾಡಿ ಓಡಿಸಬಹುದಾದ ಹೊತ್ತು ಅಂಟಿನ ಜಾತಿಯನ್ನೂ ಹವೆಯನ್ನೂ ನೋಡಿಕೊಂಡು ಒಂದು ಗಂಟೆಯಿಂದ ಹಲವು ಗಂಟೆ. ಟ್ಯೂಬಿನ ಮೇಲೆ ಬರೆದಿರುತ್ತದೆ, ಗಿರಾಕಿಯ ಮೀಟಿಂಗ್ ಎಷ್ಟು ಗಂಟೆಗೆ ಎಂಬುದನ್ನು ಅದು ಕೇಳುವುದಿಲ್ಲ. ಮರುದಿನದವರೆಗೆ ಬಾಗಿಲು ಧಡಾರನೆ ಹಾಕಬಾರದು. ಒಳಗಿನ ಗಾಳಿ ಎಲ್ಲೂ ದಾರಿ ಕಾಣದೆ ಹಸಿ ಅಂಟನ್ನೇ ತಳ್ಳುತ್ತದೆ. ಆ ಎರಡು ಬೆರಳು ಕಿಟಕಿ ಅದಕ್ಕಾಗಿ. ಒಂದೆರಡು ದಿನ ಪ್ರೆಶರ್ ಪೈಪಿನ ಸ್ನಾನ ಬೇಡ. ಟೇಪ್ ಚಂದ ಕಾಣುವುದಿಲ್ಲವೆಂದು ಕೀಳಬೇಡಿ. ನಮ್ಮ ರಸ್ತೆಗಳ ಗುಂಡಿಗಳ ವಿಷಯದಲ್ಲಿ ಅವನು ಏನೂ ಹೇಳಲಿಲ್ಲ, ಆಕಾಶ ನೋಡಿದ.

ಹಳೆಯ ಗಾಜಿನೊಂದಿಗೆ ಹೋಗುವ ಸಾಮಾನುಗಳನ್ನು ಯಾರೂ ನೆನೆಸುವುದಿಲ್ಲ. ಮುಖ್ಯವಾದದ್ದು ಫಾಸ್ಟ್ಯಾಗ್. ಕಿತ್ತರೆ ಕೆಡುವ ಹಾಗೆಯೇ ಅದನ್ನು ಮಾಡಿರುತ್ತಾರೆ. ಖಾತೆಯ ಹಣ ಎಲ್ಲೂ ಹೋಗುವುದಿಲ್ಲ, ಆದರೆ ಬ್ಯಾಂಕಿನವರನ್ನು ಕೇಳಿ ಹೊಸ ಟ್ಯಾಗ್ ತರಿಸಬೇಕು, ಇಲ್ಲವೇ ನೆಲಮಂಗಲದ ಟೋಲಿನಲ್ಲಿ ಹೆಚ್ಚು ತೆರಬೇಕು. ಹಿಂದಿನ ಗಾಜು ಒಡೆದರೆ ಹೋಗುವ ಸಾಮಾನು ಬೇರೆ. ಕಾಸರಗೋಡು ಜಿಲ್ಲೆಯ ಕುಂಬಳೆಯ ಕಲಾವಿದ ಕರಣ್ ಆಚಾರ್ಯ 2015ರಲ್ಲಿ ಊರ ಹುಡುಗರ ಬಾವುಟಕ್ಕೆಂದು ಬಿಡಿಸಿಕೊಟ್ಟ ಹನುಮಂತನ ಮುಖ ಈಗ ದೇಶದ ಎಷ್ಟು ಹಿಂಗಾಜುಗಳ ಮೇಲಿದೆಯೋ! ಹಿಂಗಾಜು ಸಾಮಾನ್ಯವಾಗಿ ಸಿಡಿಯುವ ಜಾತಿಯದು. ಮಂಜು ಒಣಗಿಸುವ ಬಿಸಿತಂತಿಯ ಗೆರೆಗಳ ಸಮೇತ ಹನುಮಂತನೂ ಡಿಕ್ಕಿಯೊಳಕ್ಕೆ ಬೀಳುತ್ತಾನೆ.

ಬಾಗಿಲಿನ ಗಾಜಿಗೆ ಈ ಅಂಟಿನ ವೈಭವ ಇಲ್ಲ. ಒಳಗಿನ ಪ್ಯಾನೆಲ್ ಬಿಚ್ಚಿ, ಗಾಜನ್ನು ರೆಗ್ಯುಲೇಟರಿಗೆ ಸಿಕ್ಕಿಸಿ, ಏರಿಳಿಸಿ ನೋಡಿದರೆ ಮುಗಿಯಿತು. ಆದರೆ ಒಡೆದ ಗಾಜಿನ ಅರ್ಧ ಬಾಗಿಲಿನ ಹೊಟ್ಟೆಯೊಳಗೇ ಇರುತ್ತದೆ. ವ್ಯಾಕ್ಯೂಮ್ ಹಾಕಿ ಅದನ್ನು ತೆಗೆಸದಿದ್ದರೆ ಪ್ರತಿ ಸಲ ಬಾಗಿಲು ತೆಗೆದಾಗಲೂ ಗಿಲಕಿ ಕೇಳುತ್ತದೆ, ನೀರು ಇಳಿಯುವ ತೂತುಗಳೂ ಮುಚ್ಚಿಹೋಗುತ್ತವೆ. ಪ್ಯಾನೆಲ್ಲಿನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಅಂಟಿಸಿದನೇ, ಒಡೆದ ಕ್ಲಿಪ್ಪುಗಳ ಜಾಗಕ್ಕೆ ಹೊಸವು ಬಂದವೇ ಎಂದು ನೋಡಿ. ಕಪ್ಪು ಫಿಲ್ಮ್ ಹಾಕಿಕೊಡಲಾ ಎಂದು ಅವನು ಕೇಳಿದರೆ ಬೇಡ ಎನ್ನಿ. ಮೋಟಾರು ವಾಹನ ನಿಯಮದ ಪ್ರಕಾರ ಮುಂದಿನ, ಹಿಂದಿನ ಗಾಜು ಶೇ. 70, ಪಕ್ಕದವು ಶೇ. 50 ಬೆಳಕನ್ನಾದರೂ ಒಳಬಿಡಬೇಕು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮಿನ ವಿರುದ್ಧ ತೀರ್ಪಿತ್ತ ಮೇಲೆ ಚೌಕಗಳಲ್ಲಿ ಪೊಲೀಸರೇ ನಿಂತು ಅದನ್ನು ಸುಲಿದ ದೃಶ್ಯ ಅನೇಕರಿಗೆ ನೆನಪಿರಬಹುದು.

ಹಾಕಿದ ಗಾಜು ಯಾವುದೆಂದು ತಿಳಿಯಲು ಅದರ ಮೂಲೆ ನೋಡಬೇಕು. ತಯಾರಕರ ಹೆಸರು, ಐಎಸ್ಐ ಗುರುತು, ಯಾವ ಜಾತಿಯ ಗಾಜು ಎಂಬುದೆಲ್ಲ ಚಿಕ್ಕ ಅಕ್ಷರದಲ್ಲಿರುತ್ತದೆ. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳಲು ಬಂದ ಅನುಭವಸ್ಥ ಎಂಜಿನ್ನಿಗಿಂತ ಮೊದಲು ಈ ಮೂಲೆಗಳನ್ನು ಓದುತ್ತಾನೆ. ಐದು ಗಾಜು ಒಂದೇ ಕಂಪನಿಯದಾಗಿದ್ದು ಆರನೆಯದು ಬೇರೆಯಾದರೆ ಮಾರುವವನ ಮುಖ ನೋಡುತ್ತಾನೆ. ಹೊಸ ಗಾಜಿನ ಮೂಲಕ ದೂರದ ಲೈಟುಕಂಬ ಬಾಗಿ ಕಂಡರೆ ಗಾಜು ಒಪ್ಪಬೇಡಿ. ಅಂಟು ಬಲಿತ ಮೇಲೆ ಮೆಲ್ಲಗೆ ನೀರು ಹರಿಸಿ ಒಳಗಿನ ಮೂಲೆಗಳನ್ನು ಬೆರಳಲ್ಲಿ ಮುಟ್ಟಿ ನೋಡಿ. ವೇಗ ಹೋದಾಗ ಸಿಳ್ಳೆ ಕೇಳಿದರೆ ಎಲ್ಲೋ ಮೋಲ್ಡಿಂಗ್ ಸರಿಯಾಗಿ ಕೂತಿಲ್ಲ. ಒಳ್ಳೆಯವರು ವಾರಂಟಿ ಬರೆದುಕೊಡುತ್ತಾರೆ, ಬಾಯಲ್ಲಿ ಕೊಡುವ ವಾರಂಟಿ ಅಂಗಡಿಯ ಮೆಟ್ಟಿಲು ಇಳಿಯುವವರೆಗೆ.

ಇತ್ತೀಚಿನ ಕಾರುಗಳಲ್ಲಿ ಕತೆ ಇಲ್ಲಿಗೆ ಮುಗಿಯುವುದಿಲ್ಲ. ಕನ್ನಡಿಯ ಹಿಂದಿನ ಕಪ್ಪು ಡಬ್ಬಿಯಲ್ಲಿ ಕ್ಯಾಮೆರಾ ಇರುತ್ತದೆ. ಲೇನ್ ತಪ್ಪಿದರೆ ಎಚ್ಚರಿಸುವುದು, ಎದುರು ಅಡ್ಡ ಬಂದರೆ ಬ್ರೇಕ್ ಒತ್ತುವುದು ಅದು ಕಂಡದ್ದನ್ನು ನಂಬಿ. ಗಾಜು ಬದಲಾಗಿ ನೋಟ ಕೂದಲೆಳೆಯಷ್ಟು ಓರೆಯಾದರೂ ದೂರದಲ್ಲಿ ಅದರ ಲೆಕ್ಕ ತಪ್ಪುತ್ತದೆ. ಹಾಗಾಗಿ ಕ್ಯಾಲಿಬ್ರೇಶನ್ ಮಾಡಿಸಬೇಕು. ಕೆಲವು ಕಾರುಗಳಿಗೆ ಸಮತಟ್ಟಾದ ನೆಲದಲ್ಲಿ ಅಳತೆ ಹಿಡಿದು ಚೌಕಳಿ ಬರೆದ ಫಲಕಗಳನ್ನು ಎದುರಿಗೆ ನಿಲ್ಲಿಸಿ ಮಾಡುತ್ತಾರೆ. ಇನ್ನು ಕೆಲವನ್ನು ಕಂಪ್ಯೂಟರ್ ಸಿಕ್ಕಿಸಿಕೊಂಡು ರಸ್ತೆಯಲ್ಲೇ ಓಡಿಸಬೇಕು: ಒಂದೇ ವೇಗ, ನಡುವೆ ನಿಲ್ಲುವಂತಿಲ್ಲ, ಎರಡೂ ಬದಿಯಲ್ಲಿ ಬಿಳಿ ಗೆರೆ ಸ್ಪಷ್ಟವಾಗಿ ಕಾಣುತ್ತಿರಬೇಕು.

ಪರಿಚಿತರೊಬ್ಬರ ಕಾರು ಈ ಎರಡನೆಯ ಬಗೆಯದು. ಗಾಜು ಹಾಕಿ, ಅಂಟು ಬಲಿತು, ಫಾಸ್ಟ್ಯಾಗ್ ಬಂದು, ಎಲ್ಲ ಮುಗಿದ ಮೇಲೆ ಟೆಕ್ನಿಷಿಯನ್ ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕೂತ. ಮನೆಯಿಂದ ಹೊರಟು ಮುಖ್ಯರಸ್ತೆಗೆ ಬಂದರು, ಗೆರೆ ಇಲ್ಲ. ರಿಂಗ್ ರೋಡಿಗೆ ಹೋದರು, ಗೆರೆ ಇತ್ತು, ಅದರ ಮೇಲೆ ಮೂರು ಆಟೋ ಇದ್ದವು. ಫ್ಲೈಓವರ್ ಹತ್ತಿದರು, ಹೊಸ ಡಾಂಬರು, ಗೆರೆ ಇನ್ನೂ ಬಳಿದಿರಲಿಲ್ಲ. ಕಂಪ್ಯೂಟರ್ ಪ್ರತಿ ಸಲವೂ ಶಾಂತವಾಗಿ 'ಪ್ರಯತ್ನ ಮುಂದುವರಿಸಿ' ಎನ್ನುತ್ತಿತ್ತಂತೆ. ಕೊನೆಗೆ ಆ ಹುಡುಗನೇ ಹೇಳಿದ: 'ಸಾರ್, ನಾಳೆ ಬೆಳಿಗ್ಗೆ ಐದು ಗಂಟೆಗೆ ಬನ್ನಿ, ಏರ್‌ಪೋರ್ಟ್ ರೋಡಿಗೆ ಹೋಗೋಣ. ನಾವು ಎಲ್ಲಾ ಗಾಡೀನೂ ಅಲ್ಲೇ ಮಾಡೋದು. ಹೋಗ್ತಾ ಯಾರನ್ನಾದ್ರೂ ಡ್ರಾಪ್ ಮಾಡೋದಿದ್ರೆ ಹೇಳಿ.'